ಜಾಗ ಮಾಡುವ ಪೊರೆ

ಬೆಟಗೇರಿಯ ನೇಕಾರ ಓಣಿಯಲ್ಲಿ ಕೆಚ್ಚುವ ಕೆಲಸಕ್ಕೆ ವಾಣಿಶ್ರೀಯನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಅನ್ನುವಷ್ಟು ಆಕೆಯ ಕೈ ಪಳಗಿತ್ತು. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಳೆಯ ನೂಲು, ಅಂದರೆ ಹಾಸು, ಮುಗಿಯುತ್ತ ಬಂದಾಗ ಅದರ ತುದಿಗಳನ್ನು ಹಾಗೇ ಬಿಟ್ಟು, ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಆ ತುದಿಗಳಿಗೆ ಹೊಸೆದು ಕೂಡಿಸುವುದೇ ಕೆಚ್ಚುವುದು. ಗಂಟು ಹಾಕುವಂತಿಲ್ಲ. ಬೆರಳಿಗೆ ಚಿಟಿಕೆ ಬೂದಿ ಹಚ್ಚಿಕೊಂಡು ತಿರುವಬೇಕು, ಅಷ್ಟೇ. ಒಂದು ಸೀರೆಯ ಅಗಲಕ್ಕೆ ಸಾವಿರಾರು ಎಳೆ. ಬೇರೆ ಹೆಂಗಸರು ನಡುನಡುವೆ ಎದ್ದು ಸೊಂಟ ನೀವಿಕೊಂಡು, ಚಹಾ ಕುಡಿದು, ಹಿತ್ತಲಿಗೆ ಹೋಗಿ ಬರುತ್ತಿದ್ದರು. ವಾಣಿಶ್ರೀ ಏಳುತ್ತಿರಲಿಲ್ಲ.

ಅದು ಆ ಮನೆಯ ಕಟ್ಟಳೆ. ಅತ್ತೆ ನೀಲಗಂಗವ್ವ ತನ್ನ ಅತ್ತೆಯಿಂದ ಕಲಿತದ್ದು, ಆ ಅತ್ತೆ ಇನ್ಯಾರಿಂದಲೋ. "ಕೆಚ್ಚಾಕ ಕುಂತ ಮ್ಯಾಲ ಮುಗಿಯೂತನಕ ಏಳಬಾರದು ನೋಡವಾ. ನಡಕ ಎದ್ದ ಹೋದ್ರ ಹಾಸು ಮುನಸ್ಕೋತೈತಿ. ಆಮ್ಯಾಲ ನೇಯ್ದಂಗೆಲ್ಲಾ ಹರೀತೈತಿ," ಎಂದು ವಾಣಿಶ್ರೀ ಸೊಸೆಯಾಗಿ ಬಂದ ಹೊಸದರಲ್ಲೇ ಅತ್ತೆ ಹೇಳಿದ್ದಳು. ಹಾಸು ನಿಜಕ್ಕೂ ಮುನಿಯುತ್ತದೋ ಇಲ್ಲವೋ ಎಂದು ಆ ಮನೆಯಲ್ಲಿ ಯಾರೂ ನಡುವೆ ಎದ್ದು ನೋಡಿರಲಿಲ್ಲ. ಹೀಗಾಗಿ ಮಾತು ಸುಳ್ಳಾಗುವ ಸಂದರ್ಭವೇ ಬರಲಿಲ್ಲ.

ಮನೆಯಲ್ಲಿ ಕಲಿತ ಕಟ್ಟಳೆ ಓಣಿಯಲ್ಲಿ ಕೀರ್ತಿಯಾಯಿತು. ಯಾರ ಮನೆಯಲ್ಲಿ ಹಾಸು ಮುಗಿದರೂ ಆಕೆಗೇ ಕರೆ. ಬೇರೆಯವರ ಮನೆಗೆ ಹೋದ ಹೆಂಗಸು "ನಿಮ್ಮ ಹಿತ್ತಲ ಎಲ್ಲೈತ್ರಿ" ಎಂದು ಕೇಳುವುದೆಂದರೆ ಆಕೆಗೆ ಪ್ರಾಣವೇ ಹೋದಷ್ಟು ಸಂಕೋಚ. ಪಡಸಾಲೆಯಲ್ಲಿ ಗಂಡಸರು ಕೂತಿರುತ್ತಾರೆ, ಅವರ ಮುಂದೆ ಹಾದು ಹೋಗಬೇಕು, ಎಲ್ಲಿಗೆ ಹೊರಟಳೆಂದು ಎಲ್ಲರಿಗೂ ತಿಳಿಯುತ್ತದೆ. ಅದಕ್ಕಿಂತ ತಡೆದುಕೊಳ್ಳುವುದೇ ಲೇಸು. "ವಾಣಿ ಕುಂತ್ಲಂದ್ರ ಮಗ್ಗದ ಗೂಟ ಆಗಿಬಿಡ್ತಾಳ ಬಿಡ್ರಿ," ಎಂದು ಎದುರು ಮನೆಯ ಸುಮಿತ್ರವ್ವ ಎಲ್ಲರೆದುರು ಹೊಗಳುತ್ತಿದ್ದಳು. ಇಂಥ ಹೊಗಳಿಕೆಗೆ ಬೆಂಕಿ ಹಾಕಬೇಕು. ಆದರೆ ವಾಣಿಶ್ರೀಗೆ ಅದು ಹಿತವಾಗಿತ್ತು. ಬೇರೆ ಯಾವುದಕ್ಕೂ ಯಾರೂ ಆಕೆಯನ್ನು ಹೊಗಳಿರಲಿಲ್ಲ.

ಮೊದಮೊದಲು ಹೊಟ್ಟೆಯ ಕೆಳಗೆ ಒತ್ತುತ್ತಿತ್ತು. ಆಕೆ ತೊಡೆ ಬಿಗಿದು, ಉಸಿರು ಹಿಡಿದು ಇನ್ನೊಂದಿಷ್ಟು ಎಳೆ ಕೂಡಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಒತ್ತಡ ತಾನೇ ಸುಮ್ಮನಾಗುತ್ತಿತ್ತು. ಬಾಗಿಲು ಬಡಿದ ಬೀಗರು ಯಾರೂ ತೆಗೆಯದ್ದನ್ನು ಕಂಡು ಹಿಂದಿರುಗಿದ ಹಾಗೆ. ವರ್ಷಗಳು ಕಳೆದಂತೆ ಬಡಿಯುವುದು ಕಡಿಮೆಯಾಯಿತು, ಕೊನೆಗೆ ನಿಂತೇಹೋಯಿತು. ಆಕೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ರೂಢಿಯೆಂದು ಹೋಗಿ ಬರುತ್ತಿದ್ದಳು. ಬಂದಷ್ಟು ಬರುತ್ತಿತ್ತು. ಒಳಗೆ ಎಷ್ಟು ಉಳಿಯಿತೆಂದು ಯಾರು ನೋಡಿದ್ದಾರೆ?

ವಾಣಿಶ್ರೀ ಮೂರು ಸಲ ಬಸುರಾಗಿದ್ದಳು, ಮೂರೂ ಸಲ ಕಳೆದುಕೊಂಡಿದ್ದಳು. ಪ್ರತಿಸಲವೂ ಒಂದೇ ಥರ. ಚೆನ್ನಾಗಿಯೇ ಇರುತ್ತಿದ್ದಳು, ಮಾವಿನಕಾಯಿ ಬೇಡುತ್ತಿದ್ದಳು, ವಾಂತಿ ಮಾಡಿಕೊಳ್ಳುತ್ತಿದ್ದಳು. ಆಮೇಲೆ ಸ್ಕ್ಯಾನಿಂಗ್ ಕೋಣೆ. ಹೊಟ್ಟೆಯ ಮೇಲೆ ತಣ್ಣನೆಯ ಅಂಟು. ಯಂತ್ರ ನೋಡುತ್ತಿದ್ದವರು ಮಾತು ನಿಲ್ಲಿಸಿ ಪರದೆಯನ್ನು ತುಸು ಆ ಕಡೆ ತಿರುಗಿಸುತ್ತಿದ್ದರು. ಎರಡು ಸಲ ಗದಗಿನಲ್ಲಿ, ಒಂದು ಸಲ ತವರೂರು ಮುಂಡರಗಿಯಲ್ಲಿ. ಮೂರನೆಯದಾದ ಮೇಲೆ ನೀಲಗಂಗವ್ವ ತೀರ್ಮಾನ ಕೊಟ್ಟುಬಿಟ್ಟಳು. "ಮನ್ಯಾಗ ಇದ್ದಾಗ ಜೀವಂತ ಇದ್ದಿದ್ದು ಆ ಖೋಲ್ಯಾಗ ಹೋದಕೂಡ್ಲೆ ಹೆಂಗ ಸಾಯತೈತಿ? ಆ ಮಿಶಿನ್ನಿನ ಕಣ್ಣ ಕೆಟ್ಟದ್ದು."

ಗಂಡ ವೀರು ಅವ್ವನ ಮಾತಿಗೆ ನಕ್ಕಿದ್ದ. ವಾಣಿಶ್ರೀ ನಗಲಿಲ್ಲ. ಆಕೆಗೂ ಒಳಗೊಳಗೆ ಹಾಗೇ ಅನ್ನಿಸಿತ್ತು.

ಆಕೆಗೆ ನಲವತ್ತು ಹತ್ತಿರ ಬಂದ ವರ್ಷ ದೀಪಾವಳಿಯ ಹೊತ್ತಿಗೆ ಮುಟ್ಟು ನಿಂತಿತು. ಸಂಕ್ರಾಂತಿಗೆ ಸೀರೆಯ ನಿರಿಗೆ ಸಿಕ್ಕಿಸುವಾಗ ಹೊಕ್ಕಳ ಕೆಳಗೆ ಏನೋ ಗಟ್ಟಿಯಾಗಿ, ದುಂಡಗೆ ಕೈಗೆ ತಾಗಿತು. ಮೆಡಿಕಲ್ ಅಂಗಡಿಯಿಂದ ಪರೀಕ್ಷೆಯ ಪಟ್ಟಿ ತಂದು ಬಚ್ಚಲಲ್ಲಿ ನೋಡಿದಳು. ಒಂದೇ ಗೆರೆ ಬಂತು. ಎರಡನೆಯದು ತಡವಾಗಿ ಬಂದೀತೆಂದು ನಿಂತೇ ನೋಡಿದಳು, ಬರಲಿಲ್ಲ. ಅದು ಹಳೆಯ ಸರಕಿರಬೇಕು, ಅಂಗಡಿಯವನು ಮೋಸ ಮಾಡಿದ ಎಂದು ಮನಸ್ಸಿಗೆ ಹೇಳಿಕೊಂಡು, ಪಟ್ಟಿಯನ್ನು ಹರಕು ನೂಲಿನ ಬುಟ್ಟಿಯ ತಳಕ್ಕೆ ತುರುಕಿದಳು. ಬೇಕಾದದ್ದನ್ನು ನಂಬುವುದಕ್ಕೆ ಮನುಷ್ಯರಿಗೆ ಯಾರೂ ಕಲಿಸಬೇಕಾಗಿಲ್ಲ.

ಅದೇ ದಿನ ನೀಲಗಂಗವ್ವ ಆಕೆಯ ಹೊಟ್ಟೆ ಮುಟ್ಟಿದಳು. ಮುದುಕಿಯ ಅಂಗೈ ಬಹಳ ಹೊತ್ತು ಅಲ್ಲೇ ಇತ್ತು. ಕಣ್ಣಲ್ಲಿ ನೀರು ತುಂಬಿತು.

"ನಿಂತೈತಿ," ಎಂದಳು. "ಈ ಸಲ ಗಟ್ಟಿ ಐತಿ. ಯಾರಿಗೂ ತೋರಿಸೂದ ಬ್ಯಾಡ. ಕುಬಸ ಆಗೂತನಕ ಆ ಮಿಶಿನ್ನಿನ ಕಡೆ ಮಾರಿನೂ ಹಾಕೂದ ಬ್ಯಾಡ."

"ಆತ್ರಿ ಅತ್ತಿ," ಎಂದಳು ವಾಣಿಶ್ರೀ. ಆ ಮಾತು ಹೊರಬಿದ್ದಾಗ ಎದೆಯ ಮೇಲಿನ ಬಂಡೆ ಉರುಳಿದಂತೆ ಹಗುರಾಯಿತು. ನೋಡದಿದ್ದರೆ ಸಾಯುವುದಿಲ್ಲ. ಎಷ್ಟು ಸುಲಭ.

ವೀರು ಒಂದೆರಡು ಸಲ ಡಾಕ್ಟರ ಮಾತೆತ್ತಿದ. ಅವ್ವ ಅತ್ತಳು, ಹೆಂಡತಿ ಮುಖ ತಿರುಗಿಸಿದಳು. ಇಬ್ಬರು ಹೆಂಗಸರ ನಡುವೆ ಸಿಕ್ಕವನು ಏನು ಮಾಡಿಯಾನು? ಶಿರಹಟ್ಟಿ ಮಠಕ್ಕೆ ಹೋಗಿ ಹರಕೆ ಹೊತ್ತು ಬಂದ.

ಹೊಟ್ಟೆ ಬೆಳೆಯಿತು. ಆದರೆ ಅದು ಬೆಳೆಯುವ ರೀತಿಯೇ ಬೇರೆ ಇತ್ತು. ಮೊದಲ ಮೂರು ಸಲ ಹೀಗಿರಲಿಲ್ಲ ಎಂಬುದು ವಾಣಿಶ್ರೀಗೆ ಗೊತ್ತಿತ್ತು. ಬೆಳಿಗ್ಗೆ ಎದ್ದಾಗ ತುಸು ಇಳಿದಿರುತ್ತಿತ್ತು, ಕೆಚ್ಚಲು ಕೂತು ಬೆಳಕು ಇಳಿಯುವ ಹೊತ್ತಿಗೆ ಮತ್ತೆ ಏರಿರುತ್ತಿತ್ತು. ಹಗಲೆಲ್ಲ ಬೆಳೆದು ಇರುಳಲ್ಲಿ ಸಣ್ಣದಾಗುವ ಕೂಸು. ಮುದುಡಿ ಮಲಗುತ್ತದೆ ಎಂದು ಆಕೆ ಸಮಾಧಾನ ಹೇಳಿಕೊಂಡಳು. ಮಗ್ಗುಲು ಬದಲಿಸಿದಾಗ ಒಳಗೆ ತುಂಬಿದ ಕೊಡವನ್ನು ಅಲುಗಿಸಿದಂತೆ ತುಳುಕುತ್ತಿತ್ತು. ಸೀರೆಗೆ ಹನಿ ಬೀಳುತ್ತಿತ್ತು. "ಕೂಸು ಒತ್ತಿದ್ರ ಹಂಗಾ ಆಗೂದು," ಎಂದು ಅತ್ತೆ ಹಳೆಯ ಬಟ್ಟೆ ಮಡಚಿ ಕೊಟ್ಟಳು.

ಒಂದು ಮಧ್ಯಾಹ್ನ ಅದು ಮಿಸುಕಾಡಿತು.

ಓಣಿಯ ಮಗ್ಗಗಳೆಲ್ಲ ಊಟಕ್ಕೆ ನಿಲ್ಲುವ ಹೊತ್ತು ಒಂದಿದೆ. ಬೆಳಗಿನಿಂದ ಕಿವಿಯಲ್ಲಿ ಖಟಕ್ ಖಟಕ್ ಎನ್ನುತ್ತಿದ್ದ ಸದ್ದು ನಿಂತೊಡನೆ ಇಡೀ ಓಣಿ ಕಿವುಡಾದಂತಾಗುತ್ತದೆ. ಬಿಸಿಲು ನೆಟ್ಟಗೆ ನಿಂತಿರುತ್ತದೆ, ನಾಯಿಯೂ ಬೊಗಳುವುದಿಲ್ಲ. ಆ ಹೊತ್ತಿನಲ್ಲಿ ವಾಣಿಶ್ರೀ, ನೇಕಾರ ಕಾಲು ಇಳಿಬಿಡುವ ಮಗ್ಗದ ಕುಣಿಯ ಅಂಚಿನಲ್ಲಿ ಕೂತು ಎಳೆ ಕೂಡಿಸುತ್ತಿದ್ದಳು. ಹೊಕ್ಕಳ ಕೆಳಗೆ ಒಳಗಿನಿಂದ ಯಾರೋ ತಟ್ಟಿದರು. ಮೂರು ಸಲ. ಕಾಲಲ್ಲಿ ಮಗ್ಗ ತುಳಿಯುವ ಲಯದಲ್ಲೇ.

ಆಕೆ ಕೈಯಲ್ಲಿನ ಎಳೆ ಬಿಡದೆ ಹಾಗೇ ಕೂತಳು. ಮೈಯೆಲ್ಲ ಜುಮ್ಮೆಂದಿತು. ಆಮೇಲೆ, ಯಾರಾದರೂ ಕೇಳಿಸಿಕೊಂಡಾರೆಂದು ತುಟಿಯೊಳಗೇ ಕೇಳಿದಳು. "ಯಾರ್ ಬೇ? ನೀನs?"

ಮತ್ತೆ ಮೂರು ಸಲ ತಟ್ಟಿತು.

ಅಂದಿನಿಂದ ಅದು ಆಕೆಯ ಗುಟ್ಟು. ಕೆಚ್ಚಲು ಕೂತಾಗ ಮಾತ್ರ, ಅದೂ ಎಳೆ ಕೈಯಲ್ಲಿದ್ದಾಗ ಮಾತ್ರ ಅದು ತಟ್ಟುತ್ತಿತ್ತು. ನಡೆದಾಡುವಾಗ ಇಲ್ಲ, ಮಲಗಿದಾಗ ಇಲ್ಲ. ಎದ್ದು ಹೋದರೆ ಅದೂ ಹೋಗಿಬಿಟ್ಟರೆ? ಆಕೆ ಮೊದಲಿಗಿಂತ ಹೆಚ್ಚು ಹೊತ್ತು ಕೂರತೊಡಗಿದಳು. ಕಾಲು ಬಾತವು, ಮುಖ ಬಾತಿತು, ಬಾಯಿಗೆ ಕಬ್ಬಿಣ ನೆಕ್ಕಿದ ರುಚಿ ಬಂತು. ಬಸುರಿಗೆ ಕಾಲು ಬಾಯುತ್ತವೆ, ಬಾಯಿ ಕೆಡುತ್ತದೆ. ಎಲ್ಲಕ್ಕೂ ಉತ್ತರ ಸಿದ್ಧವಾಗಿಯೇ ಇತ್ತು.

ಕುಬಸದ ದಿನ ಮುಂಡರಗಿಯಿಂದ ತವರಿನವರು ಹಸಿರು ಸೀರೆ, ಹಸಿರು ಬಳೆ, ಬುತ್ತಿ, ಹೋಳಿಗೆ, ಕರ್ಚಿಕಾಯಿ ಹೊತ್ತು ಬಂದರು. ಪಡಸಾಲೆಯ ತುಂಬ ಹೆಂಗಸರು. ಮಣೆಯ ಮೇಲೆ ಕೂತ ವಾಣಿಶ್ರೀಗೆ ಮುಡಿತುಂಬ ಹೂವು, ಮೊಳಕೈವರೆಗೆ ಬಳೆ. ಒಬ್ಬೊಬ್ಬರೇ ಬಂದು ಕುಂಕುಮ ಹಚ್ಚಿ, ಉಡಿಗೆ ಕಾಯಿ ಅಕ್ಕಿ ಹಾಕಿ ಹೋಗುತ್ತಿದ್ದರು. ಸುಮಿತ್ರವ್ವ ಸಲಿಗೆಯಿಂದ ಬಗ್ಗಿ ಹೊಟ್ಟೆಗೆ ಕಿವಿ ಇಟ್ಟಳು. "ಏನಂತೈತಿ ನೋಡೂಣು ನಮ್ಮ ರಾಜಕುಮಾರ," ಎಂದು ನಗುತ್ತಲೇ ಬಗ್ಗಿದವಳು ಎದ್ದಾಗ ನಗುತ್ತಿರಲಿಲ್ಲ. ಆಕೆ ಆರು ಹೆತ್ತವಳು. ಒಳಗೆ ಏನು ಕೇಳಿಸಿತೋ, ಏನು ಕೇಳಿಸಲಿಲ್ಲವೋ. ಯಾರ ಮುಖವನ್ನೂ ನೋಡದೆ, ಹಾಡಿಗೂ ನಿಲ್ಲದೆ, ಚಪ್ಪಲಿ ಮೆಟ್ಟಿ ಮನೆಗೆ ಹೊರಟುಹೋದಳು.

ವಾಣಿಶ್ರೀ ಅದನ್ನು ನೋಡಿದಳು. ಹಾಡು ಹೇಳುತ್ತಿದ್ದವರ ಬಾಯಿಗಳು ತೆರೆಯುತ್ತ ಮುಚ್ಚುತ್ತ ಇದ್ದವು, ಸದ್ದು ಮಾತ್ರ ಕೇಳಿಸದಾಯಿತು. ಉಡಿಯಲ್ಲಿದ್ದ ತೆಂಗಿನಕಾಯಿ ಉರುಳಿ ಬಿತ್ತು. ಅದರ ಹಿಂದೆಯೇ ಆಕೆಯೂ ಮಣೆಯಿಂದ ಉರುಳಿದಳು.

ಆಗ ಮಾತ್ರ ವೀರು ಗಂಡಸಿನಂತೆ ನಡೆದುಕೊಂಡ. ಹೆಂಡತಿಯನ್ನು ಎತ್ತಿ ಆಟೋದಲ್ಲಿ ಹಾಕಿಕೊಂಡ. "ಬ್ಯಾಡೋ ವೀರು, ಮಿಶಿನ್ನಿಗೆ ಹಾಕಬ್ಯಾಡೋ, ನಿನ್ನ ಕಾಲ ಬೀಳ್ತೀನಿ!" ಎಂದು ನೀಲಗಂಗವ್ವ ಆಟೋದ ಸರಳು ಹಿಡಿದು ಕೂಗಿದಳು. ಅವನು ಅವ್ವನನ್ನೂ ಒಳಗೆ ಎಳೆದುಕೊಂಡು, "ನಡಿಯೋ ಜಲ್ದಿ," ಎಂದು ಆಟೋದವನಿಗೆ ಹೇಳಿದ.

ಗದಗಿನ ಆಸ್ಪತ್ರೆಯಲ್ಲಿ ಡಾಕ್ಟರ್ ಹರ್ಷಾ ಎಂಬ ಹೆಣ್ಣುಮಗಳಿದ್ದಳು. ಯಂತ್ರವನ್ನು ಹೊಟ್ಟೆಯ ಮೇಲೆ ಆಡಿಸುವಾಗ ನೀಲಗಂಗವ್ವ ಅಡ್ಡ ಬಂದು, ಸೆರಗು ಹಿಡಿದು ಪರದೆಯನ್ನು ಮುಚ್ಚಿದಳು. ನರ್ಸ್ ಆಕೆಯನ್ನು ಮೆಲ್ಲಗೆ ಸರಿಸಬೇಕಾಯಿತು. ವಾಣಿಶ್ರೀ ಕಣ್ಣು ಬಿಟ್ಟಾಗ ಡಾಕ್ಟರು ಮಾತು ನಿಲ್ಲಿಸಿದ್ದಳು. ಆ ಮೌನ ಆಕೆಗೆ ಗೊತ್ತಿತ್ತು. ಆದರೆ ಈ ಸಲ ಪರದೆ ಆ ಕಡೆ ತಿರುಗಲಿಲ್ಲ, ಆಕೆಯ ಕಡೆಗೇ ತಿರುಗಿತು.

"ಇಲ್ಲಿ ನೋಡ್ರಿ," ಎಂದಳು ಡಾಕ್ಟರ್ ಹರ್ಷಾ. "ಇದು ಗರ್ಭಚೀಲ. ಪ್ಯಾರಲಹಣ್ಣಿನಷ್ಟ ಐತಿ. ಖಾಲಿ ಐತಿ. ಇದರ ಮುಂದ ಇಷ್ಟ ದೊಡ್ಡದು ಕರ್ರಗ ಕಾಣಾಕತ್ತೈತಲ್ಲ, ಇದು ಉಚ್ಚಿ ಚೀಲ. ಪೂರಾ ತುಂಬಿ ಕುಂತೈತಿ. ಹೊಟ್ಟಿ ದಪ್ಪ ಆಗಿದ್ದು ಇದರಿಂದ."

ಪರದೆಯ ತುಂಬ ಕಪ್ಪು. ಬಾವಿಯೊಳಗೆ ಬಗ್ಗಿ ನೋಡಿದ ಹಾಗೆ. ಅದರಲ್ಲಿ ಯಾರೂ ಇರಲಿಲ್ಲ. ವಾಣಿಶ್ರೀ ಯಾರಾದರೂ ಕಂಡಾರೇನೋ ಎಂದು ಅದರ ಮೂಲೆ ಮೂಲೆಯನ್ನೂ ಹುಡುಕಿದಳು.

ನಳಿಗೆ ಹಾಕಿದರು. ಮಂಚದ ಕೆಳಗೆ ತೂಗುಹಾಕಿದ ಚೀಲ ತುಂಬತೊಡಗಿತು. ಅದು ತುಂಬಿದಾಗ ತುಸು ಹೊತ್ತು ತಡೆದು, ಇನ್ನೊಂದು ಚೀಲ ಹಾಕಿದರು. ಆಕೆಯ ಕಣ್ಣೆದುರೇ ಹಸಿರು ಸೀರೆಯ ಕೆಳಗೆ ಹೊಟ್ಟೆ ಇಳಿಯುತ್ತ ಹೋಯಿತು. ಹೀಗೆ ಹಡೆದ ಹೆಣ್ಣು ಭೂಮಿಯ ಮೇಲೆ ಇನ್ನೊಬ್ಬಳಿರಲಿಕ್ಕಿಲ್ಲ. ನೋವಿಲ್ಲ, ಅಳುವಿಲ್ಲ, ಬರೀ ನೀರು ಹರಿಯುವ ಸಣ್ಣ ಸದ್ದು.

"ಅಷ್ಟೂ ತೆಗೀಬ್ಯಾಡ್ರಿ ಬಾಯಾರ," ಎಂದಳು ನೀಲಗಂಗವ್ವ ಇದ್ದಕ್ಕಿದ್ದಂತೆ. "ಸ್ವಲ್ಪರೆ ಇರ್ಲಿ ಬಿಡ್ರಿ."

ವೀರು ನಾಚಿಕೆಯಿಂದ ಕೆಂಪಾದ. ಡಾಕ್ಟರು ನಗಲಿಲ್ಲ. ವಾಣಿಶ್ರೀ ಅತ್ತೆಯನ್ನು ನೋಡಿದಳು. ಮುದುಕಿ ತುಂಬುತ್ತಿದ್ದ ಚೀಲವನ್ನೇ ದಿಟ್ಟಿಸುತ್ತಿದ್ದಳು. ಆಕೆಯ ಒಂದು ಕೈ ಸೆರಗಿನೊಳಗೆ ಹೋಗಿ ತನ್ನದೇ ಹೊಟ್ಟೆಯ ಮೇಲೆ ನಿಂತಿತ್ತು. ಬಹಳ ಹೊತ್ತಾದರೂ ಆ ಕೈ ಹೊರಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರ್ ಹರ್ಷಾ ಮಂಚದ ಅಂಚಿನಲ್ಲಿ ಕೂತು, ವಾಣಿಶ್ರೀಯ ಸೀರೆಯ ನಿರಿಗೆಯನ್ನೇ ಕೈಯಲ್ಲಿ ಹಿಡಿದು ವಿವರಿಸಿದಳು.

"ಆ ಚೀಲದ ಒಳಗ ಒಂದು ಪೊರಿ ಇರ್ತೈತ್ರಿ. ಖಾಲಿ ಇದ್ದಾಗ ಹಿಂಗ ನಿರಿಗಿ ನಿರಿಗಿ ಆಗಿ ಕುಂತಿರ್ತೈತಿ. ಅದರಾಗಿನ ಜೀವಕೋಶ ಐದಾರ ಸಾಲ ಒಂದರ ಮ್ಯಾಲ ಒಂದು ಇರ್ತಾವು. ತುಂಬಿದಂಗೆಲ್ಲಾ ನಿರಿಗಿ ಬಿಚ್ಚಿಕೋತೈತಿ, ಜೀವಕೋಶ ಸರದು ಸರದು ಚಪ್ಪಟಿ ಆಗ್ತಾವು, ಎರಡ ಮೂರ ಸಾಲಿಗೆ ಇಳೀತಾವು. ಹಿಂಗ ಜಾಗಾ ಮಾಡಿಕೊಡ್ತಾವು. ಎಷ್ಟ ಬಂದ್ರೂ ಇಟ್ಕೋತಾವು, ಹೊಳ್ಳಿ ಮೈಯೊಳಗ ಹೋಗಗೊಡೂದಿಲ್ಲ. ಖಾಲಿ ಮಾಡಿದಕೂಡ್ಲೆ ಮತ್ತ ಮೊದಲಿನಂಗ ಮಡಚಿ ಕುಂಡ್ರತಾವು. ಆದ್ರ ನೀವು ಖಾಲಿ ಮಾಡಾಕ ಬಿಡಲೇ ಇಲ್ಲ. ವರ್ಷಗಟ್ಟಲೆ ಹಿಗ್ಗಿಸಿದ್ರಿ. ಅದರ ಹಿಂದಿನ ಸ್ನಾಯು ಸೋತ ಹೋಗೇತಿ. ತುಂಬೇತಿ ಅಂತ ನಿಮಗ ಹೇಳೂದನ್ನೂ ಬಿಟ್ಟೈತಿ."

"ಒಳಗ ತಟ್ತಿತ್ರೀ," ಎಂದಳು ವಾಣಿಶ್ರೀ. "ಮೂರು ಸಲ."

ಡಾಕ್ಟರು ಹಿಡಿದಿದ್ದ ನಿರಿಗೆಯನ್ನು ಬಿಟ್ಟಳು. "ಸೋತ ಸ್ನಾಯು ಒಮ್ಮೊಮ್ಮೆ ಜಗ್ಗತೈತ್ರಿ. ಕೂಸಲ್ಲ ಅದು." ಆಮೇಲೆ ತೆಳ್ಳನೆಯ ನಳಿಗೆಗಳನ್ನು ಕೊಟ್ಟು, ಮೂರು ನಾಲ್ಕು ತಾಸಿಗೊಮ್ಮೆ ತಾನೇ ಹಾಕಿಕೊಂಡು ಖಾಲಿ ಮಾಡುವುದನ್ನು ನರ್ಸಿನಿಂದ ಕಲಿಸಿದಳು. "ಒತ್ತಡಕ್ಕ ಕಿಡ್ನಿ ಅರ್ಧ ಕೆಟ್ಟಾವು, ಮುಟ್ಟ ನಿಂತಿದ್ದೂ ಅದರಿಂದನ. ಉಳಿದಿದ್ದನ್ನ ಉಳಿಸ್ಕೋಬೇಕಂದ್ರ ತುಂಬಾಕ ಬಿಡಬ್ಯಾಡ್ರಿ. ಮತ್ತ ತುಂಬಿಸಿದ್ರ ಜೀವಕ್ಕ ಬರ್ತೈತಿ. ಖರೇನ ಹೇಳ್ತೀನಿ."

ವಾಣಿಶ್ರೀ ತಲೆಯಾಡಿಸಿದಳು. ಆಕೆಯ ಮನಸ್ಸು ಒಂದೇ ಮಾತಿಗೆ ತಗಲಿಕೊಂಡಿತ್ತು. ಮೂರು ಕೂಸುಗಳು ಬಂದರೆ ಗರ್ಭಚೀಲ ಒಂದಕ್ಕೂ ಜಾಗ ಕೊಟ್ಟಿರಲಿಲ್ಲ. ಈ ಪೊರೆ ಮಾತ್ರ, ಯಾರೂ ಕೇಳದೆ, ತನ್ನನ್ನೇ ತೆಳ್ಳಗೆ ಮಾಡಿಕೊಂಡು ಎಲ್ಲಕ್ಕೂ ಜಾಗ ಮಾಡಿತ್ತು. ಇಟ್ಟುಕೊಂಡಿತ್ತು. ಒಂದು ಹನಿಯನ್ನೂ ಬಿಟ್ಟುಕೊಟ್ಟಿರಲಿಲ್ಲ.

ಓಣಿಗೆ ಹಿಂದಿರುಗಿದಾಗ ಯಾರೂ ಏನೂ ಕೇಳಲಿಲ್ಲ. ಕೇಳದಿರುವುದೇ ಕೇಳಿದ್ದಕ್ಕಿಂತ ಹೆಚ್ಚು ಚುಚ್ಚಿತು. ಹಸಿರು ಬಳೆ ತೆಗೆ ಎಂದು ಅತ್ತೆ ಹೇಳಲಿಲ್ಲ, ಆಕೆಯೂ ತೆಗೆಯಲಿಲ್ಲ. ವೀರು ಫೋನಿನಲ್ಲಿ ಗಂಟೆ ಇಟ್ಟುಕೊಟ್ಟ. ಅದು ಬಾರಿಸಿದಾಗಲೆಲ್ಲ ಆಕೆ ಬಚ್ಚಲಿಗೆ ಹೋಗಿ, ಖಾಲಿ ಮಾಡಿ, ನಳಿಗೆ ತೊಳೆದು ಒಣಗಲು ಇಟ್ಟು ಬರುತ್ತಿದ್ದಳು. ಬಾವು ಇಳಿಯಿತು, ಬಾಯಿ ರುಚಿ ಮರಳಿತು. ಹೊಟ್ಟೆ ಹಲಗೆಯಂತೆ ಚಪ್ಪಟೆಯಾಯಿತು. ಮೈ ಚೇತರಿಸಿಕೊಂಡಷ್ಟೂ ಆಕೆಗೆ ದುಃಖ ಹೆಚ್ಚಾಯಿತು. ಯಾರಿಗೆ ಹೇಳುವುದು? ಉಚ್ಚೆ ಹೋಯಿತೆಂದು ಅತ್ತರೆ ಜನ ನಕ್ಕಾರು.

ನೀಲಗಂಗವ್ವ ಮಾತ್ರ ಬದಲಾಗಿದ್ದಳು. ಸೊಸೆ ಬಚ್ಚಲಿಗೆ ಹೋದಾಗಲೆಲ್ಲ ಬಾಗಿಲ ಹೊರಗೆ ಬಂದು ನಿಲ್ಲುತ್ತಿದ್ದಳು. ಒಳಗಿನ ಸದ್ದು ನಿಲ್ಲುವವರೆಗೂ ಆಕೆಯ ನೆರಳು ಬಾಗಿಲ ಸಂದಿಯಲ್ಲಿ ಅಲುಗದೆ ಇರುತ್ತಿತ್ತು. ಸೊಸೆ ಹೊರಗೆ ಬಂದಾಗ ಆಕೆಯ ಹೊಟ್ಟೆಯನ್ನೊಮ್ಮೆ ನೋಡಿ ಒಳಗೆ ಹೋಗಿಬಿಡುತ್ತಿದ್ದಳು.

ಬೇಸಗೆ ಕಳೆದು ಕಪ್ಪತಗುಡ್ಡದ ಕಡೆಯ ಗಾಳಿ ಎದ್ದ ದಿನಗಳಲ್ಲಿ ಮನೆಯ ಮಗ್ಗದ ಹಾಸು ಮುಗಿಯಿತು. ವೀರು ನೇಯ್ದ ಸೀರೆಗಳನ್ನು ಕೊಡಲು ಲಕ್ಷ್ಮೇಶ್ವರಕ್ಕೆ ಹೋಗಿದ್ದ, ಸಂಜೆಯ ಬಸ್ಸಿಗೆ ಬರುವವನಿದ್ದ. ವಾಣಿಶ್ರೀ ಬಚ್ಚಲಿಗೆ ಹೋಗಿ ಬಂದು, ಬೂದಿಯ ಬಟ್ಟಲು ಪಕ್ಕಕ್ಕಿಟ್ಟುಕೊಂಡು ಕೆಚ್ಚಲು ಕೂತಳು. ಆಸ್ಪತ್ರೆಯಿಂದ ಬಂದ ಮೇಲೆ ಇದೇ ಮೊದಲು. ಎದುರಿಗೆ ಕುಣಿಯ ಆಚೆ ದಂಡೆಯಲ್ಲಿ ನೀಲಗಂಗವ್ವ ಎಳೆ ಬಿಡಿಸಿ ಕೊಡುತ್ತ ಕೂತಳು. ಬೆರಳುಗಳು ಏನನ್ನೂ ಮರೆತಿರಲಿಲ್ಲ. ಕೆಂಪು ಎಳೆಗೆ ಕೆಂಪು, ಕರಿಗೆ ಕರಿ. ಕೆಲಸ ಅರ್ಧ ದಾಟಿತು.

ಓಣಿಯ ಮಗ್ಗಗಳು ಊಟಕ್ಕೆ ನಿಂತವು.

ಆ ನಿಶ್ಶಬ್ದದಲ್ಲಿ, ಚಪ್ಪಟೆಯಾದ ಹೊಟ್ಟೆಯೊಳಗಿಂದ, ಯಾರೋ ತಟ್ಟಿದರು. ಮೂರು ಸಲ.

ವಾಣಿಶ್ರೀಯ ಕೈ ನಿಂತಿತು. ಸ್ನಾಯು ಜಗ್ಗುತ್ತದೆ, ಕೂಸಲ್ಲ ಎಂದು ಡಾಕ್ಟರ ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡಳು.

"ಮಿಸುಕಾಡ್ತೇನು?" ಎಂದಳು ನೀಲಗಂಗವ್ವ, ಎಳೆಯ ಮೇಲಿನ ಕಣ್ಣು ತೆಗೆಯದೆ.

ತಟ್ಟಿದ್ದನ್ನು ವಾಣಿಶ್ರೀ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಡಾಕ್ಟರಿಗೆ ಹೇಳಿದಾಗ ಅತ್ತೆ ಅಲ್ಲಿರಲಿಲ್ಲ. "ನಿಮಗ ಹೆಂಗ ಗೊತ್ತಾತ್ರಿ?"

"ನಂದೂ ಇದs ಹೊತ್ತಿಗೆ ಮಿಸುಕಾಡತೈತಿ."

ಮುದುಕಿ ಕುಣಿಯ ಮೇಲಿಂದ ಕೈ ಚಾಚಿ, ಸೊಸೆಯ ಬೂದಿ ಹತ್ತಿದ ಕೈ ಹಿಡಿದು, ಸೆರಗು ಸರಿಸಿ ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಎಲ್ಲ ಅಜ್ಜಿಯರಿಗೂ ಇರುವ ಹೊಟ್ಟೆ ಎಂದು ಇಷ್ಟು ವರ್ಷ ವಾಣಿಶ್ರೀ ಅದನ್ನು ನೋಡಿಯೂ ನೋಡದಂತಿದ್ದಳು. ಅದು ಮೆತ್ತಗಿರಲಿಲ್ಲ. ಗಟ್ಟಿಯಾಗಿ, ದುಂಡಗೆ ಇತ್ತು. ತನ್ನದು ಇದ್ದ ಹಾಗೇ. ಅಂಗೈ ಕೆಳಗೆ ಅದು ಮೆಲ್ಲಗೆ ಬಿಗಿಯಾಯಿತು. ತಟ್ಟಿತು. ಮೂರು ಸಲ.

"ವೀರುನ ಬೆನ್ನಿಗೆ ಒಂದ ಹೆಣ್ಣ ಬರೂದಿತ್ತು," ಎಂದಳು ನೀಲಗಂಗವ್ವ. "ಕೆಚ್ಚಾಕ ಕುಂತಾಗ ಬ್ಯಾನಿ ಬಂತು. ನಮ್ಮತ್ತಿ ಏಳಗೊಡಲಿಲ್ಲ. ಇಲ್ಲೇ, ಈ ಕುಣಿಯಾಗ ಹೋತು. ಆಮ್ಯಾಲ ಸ್ವಲ್ಪ ದಿನಕ್ಕ ಇದು ಬಂತು. ಹೊಳ್ಳಿ ಬಂದ್ಲು ಅನಕೊಂಡೆ. ಯಾರ ಮುಂದೂ ಅಂದಿಲ್ಲ."

"ಅತ್ತಿ, ಅದು..." ಎಂದಳು ವಾಣಿಶ್ರೀ.

"ಗೊತ್ತೈತಿ ಬಿಡು. ದವಾಖಾನ್ಯಾಗ ನಿಂದು ಚೀಲ ತುಂಬೂದನ್ನ ನೋಡಿದೆ. ನಂಗೇನ ಕಣ್ಣಿಲ್ಲೇನು?" ಮುದುಕಿ ಸೊಸೆಯ ಕೈಯನ್ನು ಬಿಡಲಿಲ್ಲ. "ಆದ್ರೂ ನಂದನ್ನ ತೆಗೆಸೂದಿಲ್ಲ ನಾ. ನೀನೂ ಇವತ್ತ ಹೋಗಬ್ಯಾಡ. ಅದು ಬಂದೈತಿ. ಜಾಗಾ ಇಲ್ಲದ ತಟ್ಟಾಕತ್ತೈತಿ. ಸ್ವಲ್ಪ ಜಾಗಾ ಮಾಡು."

ಆಗಲೇ ಫೋನಿನ ಗಂಟೆ ಬಾರಿಸಿತು.

ಬಾರಿಸುತ್ತಲೇ ಇತ್ತು. ವಾಣಿಶ್ರೀಯ ಎಡಗೈಯಲ್ಲಿ ಕೂಡದೆ ಉಳಿದ ಎಳೆಯೊಂದಿತ್ತು. ಬಲಗೈ ಅತ್ತೆಯ ಹೊಟ್ಟೆಯ ಮೇಲಿತ್ತು. ಪಕ್ಕದಲ್ಲಿ, ಆಕೆ ಕುಡಿಯಲೆಂದು ಮುದುಕಿ ತಂದಿಟ್ಟ ತುಂಬಿದ ನೀರಿನ ಚರಿಗೆ. ಕೂತರೆ ಸಾಕು, ಏನೂ ಮಾಡಬೇಕಾಗಿಲ್ಲ. ಆಕೆಗೆ ಕೂರಬೇಕೆನ್ನಿಸಿತು. ಸತ್ತರೂ ತುಂಬಿಕೊಂಡೇ ಸಾಯಬಹುದಲ್ಲ ಎಂಬ ಯೋಚನೆ ಬಂತು. ಆ ಯೋಚನೆ ತನ್ನದೇ ದನಿಯಲ್ಲಿ ಬಂದದ್ದು ಕಂಡು ಆಕೆಗೆ ಭಯವಾಯಿತು.

ಎಳೆಯನ್ನು ಕೆಳಗಿಟ್ಟಳು. ಎದ್ದು ನಿಂತಳು.

ನಲವತ್ತರ ಹೆಣ್ಣು ಮದುವೆಯಾಗಿ ಬಂದ ಮೇಲೆ ಮೊದಲ ಸಲ ಕೆಚ್ಚುವ ನಡುವೆ ಎದ್ದದ್ದು. ಹಾಸು ಹರಿಯಲಿಲ್ಲ. ಎಳೆಗಳು ಇದ್ದಲ್ಲೇ ಇದ್ದವು. ಗಾಳಿಗೆ ಒಂದೆರಡು ಅಲುಗಿದವು, ಅಷ್ಟೇ. ನೀಲಗಂಗವ್ವ ಕತ್ತೆತ್ತಿ ನೋಡಲಿಲ್ಲ.

ಬಚ್ಚಲಲ್ಲಿ ಕೂತು ಆಕೆ ನಳಿಗೆ ಹಾಕಿಕೊಂಡಳು. ಈ ಸಲ ಬಾಗಿಲ ಸಂದಿಯಲ್ಲಿ ನೆರಳಿರಲಿಲ್ಲ. ಬೋಗುಣಿಗೆ ಬೀಳುವ ಸದ್ದಿನ ನಡುವೆ ಮಗ್ಗದ ಕೋಣೆಯಿಂದ ಸಣ್ಣ ದನಿಯೊಂದು ಕೇಳಿಸಿತು. ಅತ್ತೆ ಜೋಗುಳ ಹಾಡುತ್ತಿದ್ದಳು. ಮದುವೆಯಾದಾಗಿನಿಂದ ಆಕೆಯ ಬಾಯಲ್ಲಿ ಹಾಡು ಕೇಳಿದ್ದೇ ಇಲ್ಲ. ಹೆಸರು ಬರುವ ಜಾಗದಲ್ಲಿ ಹೆಸರಿಲ್ಲದೆ ಸುಮ್ಮನೆ ಗುನುಗಿ ಮುಂದಕ್ಕೆ ಹೋಗುತ್ತಿದ್ದಳು. ಕೊನೆಯ ಹನಿಯೂ ಬಿದ್ದು ಖಾಲಿಯಾಯಿತು. ಖಾಲಿಯಾದ ಮೇಲೂ ಅದು ಒಳಗಿಂದ ತಟ್ಟಿತು. ಈ ಸಲ ಒಂದೇ ಸಲ, ಜೋಗುಳದ ಲಯಕ್ಕೆ. ಮತ್ತೆ ತಟ್ಟಲಿಲ್ಲ.

ಆಕೆ ನಳಿಗೆ ತೊಳೆದು ಇಟ್ಟಳು. ಕೈ ತೊಳೆದಳು. ಹಸಿರು ಬಳೆಗಳನ್ನು ಒಂದೊಂದಾಗಿ ತೆಗೆದು ಗೂಡಿನಲ್ಲಿಟ್ಟಳು. ಮಗ್ಗದ ಕೋಣೆಯ ಬಾಗಿಲಲ್ಲಿ ಬಂದು ನಿಂತಾಗ ಹಾಡು ಮುಗಿದಿತ್ತು. ನೀಲಗಂಗವ್ವ ಸೊಸೆಯ ಜಾಗದಲ್ಲಿ ಬಂದು ಕೂತು, ಆಕೆ ಬಿಟ್ಟುಹೋದ ಎಳೆಯನ್ನೇ ಎತ್ತಿಕೊಂಡು ಕೂಡಿಸಿದ್ದಳು. ಪಕ್ಕದ ಚರಿಗೆ ಬರಿದಾಗಿತ್ತು.

"ಮಲಗಿತೇನ್ರೀ?" ಎಂದು ಕೇಳಿದಳು ವಾಣಿಶ್ರೀ.

"ಮಲಗೇತಿ," ಎಂದಳು ಮುದುಕಿ. ಎಳೆ ಹೊಸೆಯುತ್ತಲೇ, "ನಿಂದು?" ಎಂದಳು.

"ನಂದು ಹೋತ್ರಿ ಅತ್ತಿ."

ಇಷ್ಟು ತಿಂಗಳಲ್ಲಿ ಆ ಮಾತನ್ನು ಆಕೆ ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಹೇಳಿದ ಮೇಲೆ ಅಳು ಬಂತು. ಬಾಗಿಲ ಕಂಬಕ್ಕೆ ಹಣೆ ಒತ್ತಿ, ನಾಚಿಕೆ ಬಿಟ್ಟು ಅತ್ತಳು. ಸಂಜೆ ವೀರು ಬಂದಕೂಡಲೇ ಅವ್ವನ ಹೊಟ್ಟೆಯ ಸುದ್ದಿ ಹೇಳಬೇಕು. ಹೇಳಿದರೆ ಮುದುಕಿ ಉಳಿಯುತ್ತಾಳೆ, ಆದರೆ ಅವಳದ್ದನ್ನು ತೆಗೆದುಬಿಡುತ್ತಾರೆ. ಖಾಲಿಯಾಗುವುದೆಂದರೆ ಏನೆಂದು ಈ ಓಣಿಯಲ್ಲಿ ತನಗೊಬ್ಬಳಿಗೇ ಗೊತ್ತು. ಆದರೂ ಹೇಳಬೇಕು, ಹೇಳುತ್ತೇನೆ ಎಂದುಕೊಂಡಳು. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು.

ಓಣಿಯಲ್ಲಿ ಒಂದು ಮಗ್ಗ ಶುರುವಾಯಿತು, ಆಮೇಲೆ ಇನ್ನೊಂದು. ನೀಲಗಂಗವ್ವ ತನ್ನ ತುಂಬಿದ ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು, ಕುಣಿಯ ದಂಡೆಯಲ್ಲಿ ಮೆಲ್ಲಗೆ ಆ ಕಡೆ ಸರಿದು ಸೊಸೆಗೆ ಜಾಗ ಮಾಡಿದಳು.